ಚೆಂಡಿಲ್ಲದವನನ್ನು ಹಿಡಿದ ಪಂದ್ಯ

2022ರಲ್ಲಿ ನಾನು ಚಳ್ಳಕೆರೆಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಸೇವೆಯುದ್ದಕ್ಕೂ ಕಬಡ್ಡಿ ತಂಡ ಕಟ್ಟಿ, ಪ್ರಾಂಶುಪಾಲರ ಕೊಠಡಿಯ ಬೀರುವಿನ ತುಂಬ ಕಪ್‌ಗಳನ್ನು ತುಂಬಿಸಿದ್ದೆ. ಆದರೆ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ, ಲಾಂಛನವಿರುವ ಆ ನೀಲಿ ಕೋಟು ತೊಡುವ ಯೋಗ ಮಾತ್ರ ಬಂದಿರಲಿಲ್ಲ.

ಆ ವರ್ಷ ಅಂತರ ಕಾಲೇಜು ಕ್ರೀಡೆಗೆ ಅಮೆರಿಕನ್ ಫುಟ್‌ಬಾಲ್ ಸೇರಿತು. ಹೆಸರು ಫುಟ್‌ಬಾಲ್ ಆದರೂ ಇದರಲ್ಲಿ ಕಾಲಿಗೆ ಕೆಲಸ ಓಡುವುದಷ್ಟೇ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಬೇಕು, ದಾಟಿದರೆ ಟಚ್‌ಡೌನ್. ತಂಡ ಕಟ್ಟಲು ಒಪ್ಪಿದ್ದು ಎರಡೇ ಕಾಲೇಜು, ನಮ್ಮದು ಮತ್ತು ಮೊಳಕಾಲ್ಮುರಿನದು. ಗೆದ್ದ ತಂಡದ ಕೋಚ್‌ಗೇ ವಿಶ್ವವಿದ್ಯಾಲಯ ತಂಡದ ಹೊಣೆ ಎಂದರು. ಕೋಟು ನನ್ನ ಮೈಮೇಲೆ ಬಂದಷ್ಟೇ ಖುಷಿಯಾಯಿತು.

ಮೊಳಕಾಲ್ಮುರಿನ ಕೋಚ್ ಯಾರೆಂದು ತಿಳಿದ ಮೇಲೆ ಆ ಖುಷಿ ಅರ್ಧಕ್ಕಿಳಿಯಿತು. ಶಬಾನಾ, ನನ್ನದೇ ಶಿಷ್ಯೆ. ನಮ್ಮೂರಿನ ಟ್ರಾಕ್ಟರ್ ಮೆಕ್ಯಾನಿಕ್ ಒಬ್ಬರ ಮಗಳು. ಓಟದ ಷೂ ಕಟ್ಟುವುದನ್ನು ಅವಳಿಗೆ ಕಲಿಸಿದವನು ನಾನು. ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿಲ್ಲ, ಆಗಲೇ ಪರಶುರಾಂಪುರದ ಕಡೆಯ ಹುಡುಗರೂ ನಮ್ಮ ಕಾಲೇಜು ದಾಟಿಕೊಂಡು ಅವಳ ಹತ್ತಿರ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದಕ್ಕೆ ಮರ್ಯಾದೆಯ ಬೇರೆ ಪದ ಹುಡುಕುವುದಿಲ್ಲ.

ಅವಳು ತನ್ನ ಹುಡುಗರಿಗೆ ಕಲಿಸಿದ್ದು ಆಪ್ಷನ್ ಎಂಬ ಓಟದ ತಂತ್ರ. ಚೆಂಡು ಹಿಡಿದು ಆಟ ಶುರುಮಾಡುವವನು ಕ್ವಾರ್ಟರ್‌ಬ್ಯಾಕ್. ಅವನು ಒಂದು ಮಗ್ಗುಲಿಗೆ ಓಡುತ್ತಾನೆ, ಜೊತೆಗಾರನೊಬ್ಬ ತುಸು ಹಿಂದೆ, ಪಕ್ಕದಲ್ಲಿ ಓಡುತ್ತಾನೆ. ಎದುರಾಳಿಗಳನ್ನೆಲ್ಲ ಅಡ್ಡಗಟ್ಟಿ, ಒಬ್ಬನನ್ನು ಮಾತ್ರ ಬೇಕೆಂದೇ ಬಿಡುತ್ತಾರೆ. ಆ ಒಬ್ಬ ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ ಚೆಂಡು ಜೊತೆಗಾರನಿಗೆ ಹೋಗುತ್ತದೆ. ಜೊತೆಗಾರನ ಕಡೆ ಹೋದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡುತ್ತಾನೆ. ಪಾಪದವನು ಏನು ಮಾಡಿದರೂ ತಪ್ಪೇ.

ನನ್ನ ತಂಡದಲ್ಲಿದ್ದವರು ಕಬಡ್ಡಿ ಹುಡುಗರು. ಒಳಗೆ ಬಂದವನ ಕಾಲು ಸಿಕ್ಕರೆ ಮುಗಿಯಿತು, ಎಲ್ಲರೂ ಅವನ ಮೇಲೆ. ಅವರಲ್ಲಿ ಗಟ್ಟಿಗ ಓಬಳೇಶ. ಅವನ ಅವ್ವನ ತವರು ಆಂಧ್ರದ ಕಡೆ, ತೆಲುಗು ಚೆನ್ನಾಗಿ ಬರುತ್ತಿತ್ತು. ಮೊಳಕಾಲ್ಮುರಿನ ಹುಡುಗರು ಪಂದ್ಯದಲ್ಲಿ ಪ್ರತಿ ಸಲ ಚೆಂಡು ಎತ್ತಿಕೊಳ್ಳುವ ಮೊದಲು ಗುಂಪುಗೂಡಿ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಾರೆಂದು ಕೇಳಿದ್ದೆ. ಗುಟ್ಟು ಕದ್ದು ತಾ ಎಂದು ಓಬಳೇಶನಿಗೆ ಹೇಳಿದೆ.

ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಹೆಲ್ಮೆಟ್ ಹಾಕಿದರೆ ಬಿಸಿಲಿಗೆ ತಲೆ ಬೇಯುತ್ತದೆಂದು ಬೆಳಿಗ್ಗೆಯೇ ಶುರುಮಾಡಿದೆವು. ಶಬಾನಾಳ ಕ್ವಾರ್ಟರ್‌ಬ್ಯಾಕ್ ಬಿ.ಜಿ. ಕೆರೆಯ ಪಾಲಯ್ಯ, ಕಡ್ಡಿಯಂಥ ಹುಡುಗ. ಮೊದಲ ಓಟದಲ್ಲೇ ನಮ್ಮ ಮೂವರು ಅವನನ್ನು ಕೆಡವಿ ಮೇಲೆ ಕೂತರು. ಚೆಂಡು ಆಗಲೇ ಜೊತೆಗಾರನ ಕೈಸೇರಿ ಅರ್ಧ ಮೈದಾನ ದಾಟಿತ್ತು. ಹಾಗಿದ್ದೂ ನಮ್ಮವರ ತೋಳಬಲದಿಂದ ವಿರಾಮದ ಹೊತ್ತಿಗೆ ಎರಡೂ ಕಡೆ ಒಂದೊಂದು ಟಚ್‌ಡೌನ್ ಆಗಿ ಸಮನಾಗಿದ್ದೆವು.

ವಿರಾಮದಲ್ಲಿ ಓಬಳೇಶ ಬೆವರು ಒರೆಸಿಕೊಳ್ಳುತ್ತ ಬಂದ.

‘ಗುಟ್ಟೇನೂ ಇಲ್ಲ ಸಾರ್. ಪ್ರತಿ ಸಲ ಒಂದೇ ಮಾತು, ನೋಡ್ಕೊಂಡು ಮಾಡು ಅಂತಾರೆ. ಚೆಂಡು ಯಾರಿಗೆ ಅಂತ ಅವ್ರಿಗೇ ಮೊದ್ಲು ಗೊತ್ತಿರಲ್ಲ. ಅಡ್ಡ ಹಾಕದೆ ಬಿಟ್ಟಿರೋದು ನನ್ನನ್ನೇ, ಓಡೋವಾಗ ನನ್ನ ನೋಡಿ ತೀರ್ಮಾನ ಮಾಡ್ತಾರೆ.’

ಕದಿಯಲು ಏನೂ ಇಲ್ಲದ ಮನೆಗೆ ಕನ್ನ ಹಾಕಿದ್ದೆ.

‘ಸಾರ್, ನಾನು ಪಕ್ಕದೋನ್ನ ಹಿಡೀತೀನಿ. ಪಾಲಯ್ಯನ್ನ ಬೇರೆಯೋರು ನೋಡ್ಕಳ್ಲಿ’ ಎಂದ ಓಬಳೇಶ.

ಸರಿಯಾದ ಮಾತು. ಆಪ್ಷನ್ ತಡೆಯುವುದೇ ಹಾಗೆ: ಒಬ್ಬೊಬ್ಬನಿಗೆ ಒಬ್ಬೊಬ್ಬನನ್ನು ಹಂಚಿ, ಆಸೆಪಟ್ಟು ಜಾಗ ಬಿಡಬೇಡಿ ಎನ್ನಬೇಕು. ಆದರೆ ಅಷ್ಟು ಹೊತ್ತಿಗೆ ಪ್ರೇಕ್ಷಕರ ಸಾಲಿನಲ್ಲಿ ನಮ್ಮ ಪ್ರಾಂಶುಪಾಲರೇ ‘ಮೇಡಂ ಏನು ಚೆನ್ನಾಗಿ ತಯಾರು ಮಾಡಿದ್ದಾರೆ ಆ ಹುಡುಗನ್ನ’ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು.

‘ಬೇಡ ಲೇ, ನೀನು ಪಾಲಯ್ಯನ್ನೇ ಕೆಡವು. ಅವನು ಏಳಬಾರ್ದು’ ಎಂದೆ.

ದ್ವಿತೀಯಾರ್ಧದುದ್ದಕ್ಕೂ ಗೆರೆಯ ಅಂಚಿನಲ್ಲಿ ನಿಂತು ಪಾಲಯ್ಯನ ಕಡೆ ಬೆರಳು ತೋರಿಸುತ್ತಿದ್ದೆ. ಓಬಳೇಶ ನುಗ್ಗುತ್ತಿದ್ದ, ಚೆಂಡು ಪಕ್ಕಕ್ಕೆ ಹಾರುತ್ತಿತ್ತು. ಜೊತೆಗಾರನನ್ನು ಉಳಿದವರು ಹೇಗೋ ಬೆನ್ನಟ್ಟಿ ಹಿಡಿಯುತ್ತಿದ್ದರು. ಕೊನೆಯ ನಿಮಿಷದಲ್ಲಿ ಓಬಳೇಶ ಪಾಲಯ್ಯನನ್ನು ಸೊಂಟಕ್ಕೆ ಹಿಡಿದು ಎತ್ತಿ ಕೆಡವಿದ. ಇಷ್ಟು ವರ್ಷಗಳಲ್ಲಿ ಅಷ್ಟು ಸೊಗಸಾದ ಪಟ್ಟು ನಾನು ನೋಡಿಲ್ಲ. ಎರಡೂ ಕೈ ಎತ್ತಿ ಕುಣಿದೆ. ಕುಣಿಯುತ್ತಿದ್ದವನು ನಾನೊಬ್ಬನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆ ಕಡೆ ಜೊತೆಗಾರ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕಿಟ್ಟಿದ್ದ.

ಪಂದ್ಯ ಮುಗಿದ ಮೇಲೆ ಶಬಾನಾ ನೀರಿನ ಬಾಟಲಿ ಹಿಡಿದು ಬಂದಳು. ತಡೆಯಲಾಗದೆ ಕೇಳಿದೆ: ‘ಓಬಳೇಶನಂಥವನನ್ನೇ ಅಡ್ಡ ಹಾಕದೆ ಬಿಟ್ಟೆಯಲ್ಲ, ಹೆದರಿಕೆ ಆಗಲಿಲ್ವಾ?’

‘ಮೊದ್ಲು ಆಯ್ತು ಸಾರ್. ಅವನು ಯಾವ ಕಡೆ ತಿರುಗ್ತಾನೋ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಪಾಲಯ್ಯಂಗೆ ಹೇಳ್ದೆ, ಅವನ್ನ ನೋಡ್ಬೇಡ, ನಮ್ಮ ಸಾರ್ ಬೆರಳು ನೋಡು ಸಾಕು ಅಂತ.’

ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಅಲ್ಲೇ ನಿಂತು, ‘ಯೂನಿವರ್ಸಿಟಿ ತಂಡದ ಜೊತೆ ಬರ್ರಿ ಸಾರ್, ಹಿಡಿಯೋದು ಕಲಿಸೋಕೆ ನಿಮ್ಮಂಥೋರು ಬೇಕು’ ಎಂದು ಕರೆದಳು. ಮೊಣಕಾಲು ನೋವು ಎಂದೆ. ಮೊಣಕಾಲು ಚೆನ್ನಾಗಿಯೇ ಇತ್ತು.

ಕೋಟು ತೊಟ್ಟ ಅವಳ ಫೋಟೋ ಕೆಲವು ದಿನಗಳ ಮೇಲೆ ಮೊಬೈಲಿಗೆ ಬಂತು. ಕೋಟಿನ ತೋಳು ಉದ್ದವಾಗಿದೆ ನೋಡು ಎಂದು ಹೆಂಡತಿಗೆ ತೋರಿಸಿದೆ. ‘ಚೆನ್ನಾಗೇ ಐತಲ್ರೀ’ ಎಂದಳು.

ನೌಕರಿ ನನಗೆ ಕೊನೆಗೆ ಕಲಿಸಿದ್ದು ಇಷ್ಟು: ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತದೋ ಅವರೆದುರು ನಮ್ಮ ಮುಂದಿನ ಹೆಜ್ಜೆ ನಮಗಿಂತ ಮೊದಲು ಅವರಿಗೆ ಗೊತ್ತಾಗಿರುತ್ತದೆ. ಈ ಪಾಠವನ್ನೂ ನನಗೆ ಕಲಿಸಿದ್ದು ಶಬಾನಾಳೇ. ಅದಕ್ಕೂ ಇವತ್ತಿಗೂ ಹೊಟ್ಟೆ ಉರಿಯುತ್ತದೆ.