ಮುದ್ದೆ ಪಾತ್ರೆ ಹಿಡಿಯುವ ಚೌಕಟ್ಟಿನ ವಿಷಯವಾಗಿ

ಮಾನ್ಯ ಓದುಗರಲ್ಲಿ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಕಳೆದ ಭಾನುವಾರ ಬೆಳಿಗ್ಗೆ ನಾನು ಮಂಡ್ಯದ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ನನ್ನ ಮುಂದಿನವರ ರಾಗಿ ಬಿಸಿಬಿಸಿ ಹಿಟ್ಟಾಗಿ ಡಬ್ಬಕ್ಕೆ ಇಳಿಯುತ್ತಿತ್ತು. ಆ ವಾಸನೆ ತಮಗೂ ಪರಿಚಯವಿರಬಹುದು. ಅದು ಮೂಗಿಗೆ ಬಡಿದ ಕೂಡಲೇ ಪಾಲಿಟೆಕ್ನಿಕ್ಕಿನ ಕೊನೆಯ ವರ್ಷ, ಒಂದು ಸ್ಪರ್ಧೆ, ಮತ್ತು ಬೆಸಗರಹಳ್ಳಿಯ ಜಯಮ್ಮನವರು ಒಟ್ಟಿಗೇ ನೆನಪಾದರು. ನಾನು ಕಚೇರಿಯೊಂದರಲ್ಲಿ ಪತ್ರಗಳ ಕರಡು ಬರೆಯುವವಳು. ಪ್ರಬಂಧವೆಂಬುದನ್ನು ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ಸದರಿ ಬರಹದಲ್ಲಿ ಕಚೇರಿಯ ವಾಸನೆಯೂ ಸೇರಿಕೊಂಡಿದ್ದರೆ ಮನ್ನಿಸಬೇಕಾಗಿ ಕೋರುತ್ತೇನೆ.

ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಜನರಿಗೆ ಉಪಯೋಗವಾಗುವ ಹೊಸ ವಸ್ತುವೊಂದನ್ನು ವಿನ್ಯಾಸ ಮಾಡಿ, ತಯಾರಿಸಿ ತೋರಿಸತಕ್ಕದ್ದು ಎಂಬುದು ಆ ಸ್ಪರ್ಧೆಯ ನಿಯಮ. ನಮ್ಮ ತಂಡದಲ್ಲಿ ಮೂವರಿದ್ದೆವು. ಹೊಳಲಿನವಳಾದ ನಾನು, ಮದ್ದೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದವರ ಮಗಳು ತಬಸ್ಸುಮ್, ಬೆಸಗರಹಳ್ಳಿಯಿಂದ ದಿನವೂ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಿದ್ದ ಮಂಜ. ಕಬ್ಬಿನ ಗಾಡಿಯ ಹಿಂದೆ ಉರಿಯುವ ದೀಪವನ್ನು ಮಾಡುವುದೆಂದು ನಾವು ಮೊದಲು ನಿಶ್ಚಯಿಸಿದ್ದೆವು. ವಿಚಾರಿಸಿದಾಗ ನಮ್ಮ ತರಗತಿಯೊಂದರಲ್ಲೇ ಇನ್ನೂ ಎರಡು ತಂಡಗಳು ಅದೇ ದೀಪವನ್ನು ನಿಶ್ಚಯಿಸಿರುವುದು ತಿಳಿದುಬಂತು. ಮಂಡ್ಯದ ಹುಡುಗರ ತಲೆ ಕಬ್ಬಿನ ಗಾಡಿಯ ಹಿಂದೆಯೇ ಹೋಗುತ್ತದೆ ಎಂದು ತಬಸ್ಸುಮ್ ಹಂಗಿಸಿದಳು. ತಾನೂ ಅದರ ಹಿಂದೆಯೇ ಹೋಗಿದ್ದವಳೆಂಬುದನ್ನು ಅವಳು ಮರೆತಳು.

ಆಗ ಮಂಜ ತನ್ನ ಮನೆಯ ವಿಷಯ ಹೇಳಿದ. ಅವನ ತಾಯಿ ಜಯಮ್ಮನವರು ಹಿತ್ತಿಲಲ್ಲಿ ಜಾರಿ ಬಿದ್ದು ಎಡಗೈ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಬೆರಳಿಗೆ ಹಿಡಿತ ಬರಲಿಲ್ಲ. ಮುದ್ದೆ ಮಾಡುವವರಿಗೆ ಇದರ ಕಷ್ಟ ವಿವರಿಸಬೇಕಾಗಿಲ್ಲ. ಬಲಗೈಯಲ್ಲಿ ಕೋಲು ತಿರುವುವಾಗ ಎಡಗೈ ಪಾತ್ರೆಯನ್ನು ಇಕ್ಕಳದಲ್ಲಿ ಬಿಗಿಹಿಡಿಯದಿದ್ದರೆ ಕೋಲಿನ ಜೊತೆಗೆ ಪಾತ್ರೆಯೂ ತಿರುಗುತ್ತದೆ. ನನ್ನಜ್ಜಿ ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಅದುಮಿಕೊಂಡು ತಿರುವುತ್ತಿದ್ದಳು. ಆ ಪಾದಗಳಿಗೆ ಬಿಸಿಯೆಂಬುದೇ ಗೊತ್ತಿರಲಿಲ್ಲವೇನೋ. ಜಯಮ್ಮನವರಿಗೆ ಕುದಿಯುವ ಪಾತ್ರೆಯನ್ನು ಒಂದೇ ಕೈಯಲ್ಲಿ ಇಳಿಸುವುದೂ ಆಗದು. ಹೀಗಾಗಿ ಮಂಜನೂ ಅವನ ತಂದೆಯೂ ಸರದಿಯ ಮೇಲೆ ಹಿಟ್ಟು ತಿರುವುತ್ತಿದ್ದರು (ನಮ್ಮ ಕಡೆ ಮುದ್ದೆಗೂ ಹಿಟ್ಟೆಂದೇ ಹೆಸರು). ಗಂಟುಗಂಟಾದ ಆ ಹಿಟ್ಟನ್ನು ಆಕೆ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರಂತೆ.

ಅಳತೆ ತೆಗೆದುಕೊಳ್ಳಲು ಅವರ ಮನೆಗೆ ಹೋದೆವು. ಅಡುಗೆ ಕಟ್ಟೆಯ ಅಂಚನ್ನು ಕಚ್ಚಿಕೊಂಡು, ಒಲೆಯ ಮೇಲಿನ ಪಾತ್ರೆಯ ಕತ್ತನ್ನು ಎರಡು ಕಡೆಯಿಂದ ಹಿಡಿಯುವ ಕಬ್ಬಿಣದ ಚೌಕಟ್ಟೊಂದನ್ನು ಮಾಡುವುದಾಗಿ ನಾನು ಸಾಕಷ್ಟು ದೀರ್ಘವಾಗಿಯೇ ವಿವರಿಸಿದೆ. ಜಯಮ್ಮನವರು ಪೂರ್ತಿ ಕೇಳಿಸಿಕೊಂಡು, "ನಿಮ್ ಪ್ರೈಜು ಬುಡಿ. ನನ್ ಮನೆ ಇಟ್ಟ ನಾನೇ ತಿರುವಂಗಾಯ್ತದಾ, ಅಷ್ಟು ಯೋಳಿ" ಎಂದರು.

ಆಗುತ್ತದೆ ಎಂದು ಮೂವರೂ ಹೇಳಿದೆವು. ಹೇಳಿದ ಮೇಲೆ ಪಾತ್ರೆಯ ಕತ್ತನ್ನು ಇನ್ನೊಮ್ಮೆ ಅಳೆದೆವು.

ಚೌಕಟ್ಟು ತಬಸ್ಸುಮಳ ತಂದೆಯ ಅಂಗಡಿಯಲ್ಲಿ ತಯಾರಾಯಿತು. ಮೊದಲನೆಯದು ಪಾತ್ರೆಯನ್ನು ಹಿಡಿಯಿತು, ಬಿಡಲಿಲ್ಲ. ಎರಡನೆಯದು ಹಿಡಿಯಲೇ ಇಲ್ಲ. ಮೂರನೆಯದಕ್ಕೆ, ಯಾವ ಗಾತ್ರದ ಪಾತ್ರೆಯಿದ್ದರೂ ಹೊಂದಿಸಿಕೊಳ್ಳುವಂತೆ, ಹಿಂದೆ ಮುಂದೆ ಜಾರುವ ತೋಳೊಂದನ್ನು ಕೂಡಿಸಿದೆವು. ಆ ತೋಳು ನನ್ನ ಕಲ್ಪನೆ. ಅದರ ಬಗ್ಗೆ ನನಗಿದ್ದ ಹೆಮ್ಮೆಯನ್ನು ಇಲ್ಲಿ ದಾಖಲಿಸಲು ಸಂಕೋಚವಾಗುತ್ತದೆ.

ಸ್ಪರ್ಧೆ ಮಂಡ್ಯದ ಒಂದು ಕಾಲೇಜಿನ ಸಭಾಂಗಣದಲ್ಲಿ ನಡೆಯಿತು. ತಂಡಕ್ಕೊಂದು ಮೇಜು, ಕಾಲು ಗಂಟೆಯ ಸಮಯ. ತೀರ್ಪುಗಾರರ ಕಣ್ಣೆದುರಿಗೇ ಒಂದೇ ಕೈಯಲ್ಲಿ ಹಿಟ್ಟು ತಿರುವಿ ತೋರಿಸುವುದೆಂದು ನಾವು ಒಲೆಯನ್ನೂ ಒಯ್ದಿದ್ದೆವು. ಬಹುಮಾನಿತ ಮಾದರಿಗಳನ್ನು ಪ್ರದರ್ಶನಕ್ಕಾಗಿ ಕಾಲೇಜಿನಲ್ಲಿಯೇ ಉಳಿಸಿಕೊಳ್ಳಲಾಗುವುದು ಎಂಬ ಸೂಚನೆಯೂ ಗೋಡೆಯ ಮೇಲಿತ್ತು. ನಾವು ಅದನ್ನು ಓದಿದ್ದೆವು, ಯೋಚಿಸಿರಲಿಲ್ಲ. ಜಯಮ್ಮನವರು ಮಗನ ಕೈಯಲ್ಲಿ ಒಂದು ಕ್ಯಾರಿಯರ್ ತುಂಬ ಉಪ್ಸಾರು, ಖಾರ ಕಳಿಸಿದ್ದರು. ಹಿಟ್ಟನ್ನು ಜನರಿಗೆ ತೋರಿಸಿ ವಾಪಸು ತರುವುದುಂಟೇ, ಉಣ್ಣಲಿಕ್ಕೆ ಇಕ್ಕಿ ಎಂಬುದು ಅವರ ಆಜ್ಞೆ.

ಮುಂದೆ ನಡೆದುದನ್ನು ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತೀರ್ಪುಗಾರರು ಪಕ್ಕದ ಮೇಜಿಗೆ ಬಂದುದನ್ನು ಕಂಡು ಮಂಜನಿಗೆ ಗಾಬರಿಯಾಯಿತು. ನೆಂಟರು ಬಂದು ಕುಳಿತ ಮೇಲೆ ಎಸರಿಡುವುದು ಯಾವ ಮನೆಯ ಮರ್ಯಾದೆ? ಅವನು ಎಡಗೈಯನ್ನು ಜೇಬಿಗೆ ಹಾಕಿಕೊಂಡು, ಚೌಕಟ್ಟಿಗೆ ಸಿಕ್ಕಿಸಿದ ಪಾತ್ರೆಯಲ್ಲಿ ಒಂದೇ ಕೈಯಿಂದ ಸೊಗಸಾಗಿ ಹಿಟ್ಟು ತಿರುವಿದ. ಒಂದು ಗಂಟಿರಲಿಲ್ಲ. ನೋಡಿದವರು ನಾವಿಬ್ಬರೇ. ಮುದ್ದೆ ಕಟ್ಟಿದೆವು. ತಟ್ಟೆಗಳಿಗೆ ಜಾಗ ಸಾಲದೆ ಬಂದಾಗ ಚೌಕಟ್ಟನ್ನು ಬಿಚ್ಚಿ ಮೇಜಿನ ಕೆಳಗಿಟ್ಟವಳು ನಾನೇ.

ತೀರ್ಪುಗಾರರು ಬಂದರು, ನಾವು ಬಡಿಸಿದೆವು. ಮೂವರಲ್ಲೊಬ್ಬರು ಹೊರಗಿನವರು, ಮುದ್ದೆಯನ್ನು ಅಗಿಯತೊಡಗಿದರು.

"ಸಾ, ಅಗೀಬ್ಯಾಡಿ. ಸಾರ್ನಲ್ಲಿ ಒಳ್ಳಾಡ್ಸಿ ನುಂಗ್ಬುಡಿ" ಎಂದು ಮಂಜ ಅವರ ಪಕ್ಕದಲ್ಲೇ ನಿಂತು ಕಲಿಸಿದ.

ಉಳಿದಿಬ್ಬರು ಎರಡನೆಯ ಸಲ ಸಾರು ಹಾಕಿಸಿಕೊಂಡರು. ಗಾಡಿಯ ದೀಪದ ಎರಡೂ ತಂಡದವರು ತಟ್ಟೆ ಹಿಡಿದು ಬಂದು ನಿಂತರು. ಅವರಿಗೂ ಬಡಿಸಿದೆವು. ಅಷ್ಟರಲ್ಲಿ ನಮ್ಮ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಹಿರಿಯ ತೀರ್ಪುಗಾರರು ಕೈ ತೊಳೆದುಕೊಂಡು ಬಂದು, "ಊಟ ಬಹಳ ಚೆನ್ನಾಗಿತ್ತಮ್ಮ. ನಿಮ್ಮ ವಸ್ತು ಯಾವುದು?" ಎಂದು ಕೇಳಿದರು. ನಾನು ಮೇಜಿನ ಕೆಳಗೆ ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಅವರನ್ನು ಮುಂದಿನ ಮೇಜಿಗೆ ಕರೆದೊಯ್ದಿದ್ದರು.

ಬಹುಮಾನ ಗಾಡಿಯ ದೀಪವೊಂದಕ್ಕೆ ಬಂತು. ಬಸ್ಸಿನಲ್ಲಿ ತಬಸ್ಸುಮ್ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, "ಲೋ ಮಂಜ, ಇನ್ನೊಂದ್ಸಲ ನಿನ್ ಜೊತೆ ಸೇರುದ್ರೆ ಕೇಳು. ಓಟ್ಲು ಇಕ್ಕೋಗು, ನಡೀತದೆ" ಎಂದಳು. ಅವನು, ಅಲ್ಲಿಯೂ ಹಿಟ್ಟು ತಿರುವುವುದಕ್ಕೆ ತನ್ನ ಅವ್ವನೇ ಬೇಕೆಂದ. ಅಲ್ಲಿಗೆ ನಾವು ಮೂವರೂ ನಕ್ಕೆವು. ಆಮೇಲೆ ಮಂಜನ ಮನೆಯಲ್ಲಿ ಏನು ಹೇಳುವುದೆಂದು ಚಿಂತಿಸಿದೆವು.

ಜಯಮ್ಮನವರು ಎಲ್ಲವನ್ನೂ ಕೇಳಿದರು. ಗೆದ್ದಿದ್ದರೆ ಚೌಕಟ್ಟು ಕಾಲೇಜಿನಲ್ಲೇ ಉಳಿಯುತ್ತಿತ್ತೆಂಬುದನ್ನೂ ಮಂಜ ಬಾಯಿಬಿಟ್ಟ. ಆಕೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ಸದ್ಯ, ಸೋತ್ಬಂದ್ರಲ್ಲ" ಎಂದರು. ಕಟ್ಟೆಗೆ ಬಿಗಿದುಕೊಟ್ಟೆವು. ಮೊದಲ ಪ್ರಯೋಗವನ್ನು ನೋಡಿ ಬರೆದುಕೊಳ್ಳಬೇಕೆಂದು ನಾನು ಪೆನ್ನು ತೆಗೆದೆ. ಜಯಮ್ಮನವರು ಎಸರು ಇಟ್ಟು, ನಮ್ಮನ್ನೂ ಗಂಡನನ್ನೂ ಆಚೆಗೆ ಕಳಿಸಿ ಬಾಗಿಲು ಎಳೆದುಕೊಂಡರು. ನಾಲ್ವರೂ ಜಗಲಿಯ ಮೇಲೆ ಕುಳಿತೆವು. ಬೀದಿಯಲ್ಲಿ ಟ್ರಾಕ್ಟರೊಂದು ನಿಂತು ಗುಡುಗುತ್ತಿತ್ತು; ಒಳಗಿನದೊಂದೂ ಕೇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಬಲಗೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ಮುದ್ದೆ. ಅದನ್ನು ಗಂಡನ ಮುಂದಿಟ್ಟು, "ಗಂಟು ಅವಾ ನೋಡಿ" ಎಂದರು. ಅವರು ಮುರಿದು ನೋಡಿ, ಪೂರ್ತಿ ಉಂಡರು.

ಕಳೆದ ಭಾನುವಾರ ಗಿರಣಿಯಿಂದ ಮನೆಗೆ ಬಂದವಳೇ ಮಂಜನಿಗೆ ಫೋನು ಮಾಡಿದೆ. ಅವನು ಯೋಗಕ್ಷೇಮ ಮುಗಿಸಿ, ನನ್ನ ಜಾರುವ ತೋಳಿಗೆ ತನ್ನ ತಾಯಿ ತಬಸ್ಸುಮಳ ತಂದೆಯಿಂದ ಎಂದೋ ಜಾರದಂತೆ ಬೆಸುಗೆ ಹಾಕಿಸಿಬಿಟ್ಟಿದ್ದಾರೆಂದು ತಿಳಿಸಿದ. ಆ ಮನೆಯಲ್ಲಿ ಹಿಟ್ಟಿನ ಪಾತ್ರೆ ಇರುವುದು ಒಂದೇ. ನಂತರ ಫೋನನ್ನು ಸ್ಪೀಕರಿಗೆ ಹಾಕಿ ತಾಯಿಯ ಬಳಿ ಕಟ್ಟೆಯ ಮೇಲಿಟ್ಟು ಹೋದ.

"ಯಾರು? ಒಳಲೋಳಾ? ಇಟ್ಟು ತಿರುವ್ತಾ ಇವ್ನಿ ಕಣವ್ವ, ಆಮ್ಯಾಕೆ ಮಾಡು" ಎಂದರು ಜಯಮ್ಮನವರು.

ಆದರೆ ಕರೆಯನ್ನು ಕಡಿಯಲು ಅವರಿಗೆ ಕೈ ಬಿಡುವಿರಲಿಲ್ಲ. ನಾನೂ ಕಡಿಯಲಿಲ್ಲ. ಕೋಲು ಪಾತ್ರೆಯ ಒಳಮೈಗೆ ತಾಗುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಪಾತ್ರೆ ಅಲುಗಿದ ಸದ್ದು ಒಮ್ಮೆಯೂ ಬರಲಿಲ್ಲ. ಹಿಟ್ಟು ಬೆಂದು ಒಲೆ ಆರಿಸುವವರೆಗೂ ನಾನು ಕೇಳುತ್ತ ಕುಳಿತಿದ್ದೆ.