ಹೊಗೆ ಮಷೀನಿನ ಉದ್ದ ವೈರು

ಮದುವೆ ರಿಸೆಪ್ಷನ್ನಿನಲ್ಲಿ ಗಂಡು ಹೆಣ್ಣು ಸ್ಟೇಜಿಗೆ ಬರುವಾಗ ಕಾಲಡಿಯಿಂದ ಬೆಳ್ಳಗೆ ಹೊಗೆ ಏಳುತ್ತದಲ್ಲ, ಅದನ್ನು ಬಿಡುವುದು ನನ್ನ ಮತ್ತು ನನ್ನ ಹೆಂಡತಿಯ ಕಸುಬು. ಪದ್ಮನಾಭನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. ಲೈಟು, ಸ್ಟ್ಯಾಂಡು, ಸುತ್ತಿಟ್ಟ ವೈರು, ಒಂದು ಹಳೇ ಹೊಗೆ ಮಷೀನು, ಇಷ್ಟೇ. ಲೈಟು ನನ್ನದು, ಹೊಗೆ ಅವಳದು. ಮುಂದೆ ಕೂತವರಿಗೆ ಅದು ಸ್ವರ್ಗದ ಹಾಗೆ ಕಾಣಿಸುತ್ತದಂತೆ. ಪರದೆಯ ಪಕ್ಕ ಕೂತ ನಮಗೆ ಗಂಟಲಿಗೆ ಅಂಟಿಕೊಳ್ಳುವ ಸಿಹಿ ನಾತ. ಈಚೆಗೆ ನನಗೆ ಮದುವೆ ಅಂದರೆ ಸಾಕುಸಾಕಾಗಿದೆ, ಯಾರ ಮದುವೆಯಾದರೂ ಅಷ್ಟೇ.

ಅವಳಿಗೆ ಉಬ್ಬಸ ಶುರುವಾದಾಗ ಜಯನಗರದ ಒಬ್ಬ ಡಾಕ್ಟರ ಹತ್ತಿರ ಹೋದೆವು. "ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?" ಎಂದು ಕೇಳಿದರು. "ಸೇದಲ್ಲ ಸಾರ್, ಬಿಡ್ತೀವಿ. ಮದುವೆಗಳಲ್ಲಿ" ಎಂದಳು. ಡಾಕ್ಟರು ನಗಲಿಲ್ಲ. ಇನ್ನು ಆ ಹೊಗೆಯ ಹತ್ತಿರ ಕೂತರೆ ಎದೆ ಪೂರ್ತಿ ಹಾಳಾಗುತ್ತದೆ ಎಂದರು. ದಾರಿಯಲ್ಲಿ ನಾನು, ಇನ್ನು ಮನೆಯಲ್ಲಿರು ಅಂದೆ. "ನಾನಿಲ್ದೆ ಗುಂಡಿ ಯಾರು ಒತ್ತೋದು? ನಿಮಗೆ ಲೈಟ್ ನೋಡ್ಕೊಳ್ಳೋಕೇ ಎರಡು ಕೈ ಸಾಲಲ್ಲ" ಅಂದಳು. ಅದೂ ನಿಜವೇ.

ತಾಪತ್ರಯವೆಲ್ಲ ವೈರಿನದು. ನಮ್ಮ ಮಷೀನಿನ ರಿಮೋಟು ಟಿವಿಯದರ ಹಾಗಲ್ಲ, ವೈರು ಎಷ್ಟುದ್ದವೋ ಅಷ್ಟೇ ದೂರ. ವೈರಿಲ್ಲದ ರಿಮೋಟು ಈ ಹಳೇ ಮಷೀನಿಗೆ ಹೊಂದದು. ಹೀಗಾಗಿ ಗುಂಡಿ ಒತ್ತುವವರು ಅದರ ಮಗ್ಗುಲಲ್ಲೇ ಕೂರಬೇಕು. ಸರಿ, ವೈರನ್ನೇ ಉದ್ದ ಮಾಡೋಣ ಅಂತ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕೂತೆ. ಅದರಲ್ಲಿ ಹರಿಯುವುದು ಮನೆಯ ಕರೆಂಟೇ, ಕೈಗೆ ಸಿಕ್ಕ ತೆಳು ವೈರು ಸೇರಿಸಿದರೆ ಮದುವೆ ಮನೆಯಲ್ಲಿ ತಿಥಿ ಆದೀತು. ಪ್ಲಗ್ ಕಿತ್ತಿಟ್ಟು, ವೈರನ್ನು ನಡುವೆ ಕತ್ತರಿಸಿ, ಉಳಿದಿದ್ದ ದಪ್ಪ ವೈರಿನ ತುಂಡನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಬೆಸುಗೆ ಹಾಕಿದೆ. ಅವಳು ಟಾರ್ಚ್ ಹಿಡಿದಿದ್ದಳು. "ಇನ್ನೂ ಸ್ವಲ್ಪ ಉದ್ದ ಇರ್ಲಿ ರೀ" ಅಂದಳು. ಅಂಗಡಿಗೆ ಹೋಗಲು ನನಗೆ ಬೇಸರ. ಇದ್ದಷ್ಟು ಸಾಕು ಬಿಡು ಅಂದೆ.

ಮೊದಲ ಪ್ರಯೋಗ ಅರೆಕೆರೆಯ ಮದುವೆಯಲ್ಲಿ. ಅಲ್ಲೇ ಹೊಲ ಉಳುತ್ತಿದ್ದ ಮನೆತನ, ಈಗ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಭಾನುವಾರ, ಆರು ಗಂಟೆವರೆಗೂ ರಾಹುಕಾಲ. ಅದು ಕಳೆಯುವ ತನಕ ಗಂಡು ಹೆಣ್ಣು ಕೋಣೆಯಿಂದ ಆಚೆ ಬರಕೂಡದು ಎಂದು ಮನೆಯ ಅಜ್ಜಿ ಅಪ್ಪಣೆ ಕೊಟ್ಟಿದ್ದರು. ವೈರು ಸ್ಟೇಜಿನ ಪಕ್ಕದ ಬಾಗಿಲಿನವರೆಗೆ ಬಂತು. ಬಾಗಿಲಾಚೆ ಕುರ್ಚಿ ಹಾಕಿ ಅವಳನ್ನು ಕೂರಿಸಿದೆ. ಅಲ್ಲಿಂದ ಸ್ಟೇಜು ಕಾಣದು, ಫೋನಿಗೆ ಸಿಗ್ನಲ್ ಇಲ್ಲ. ಅದಕ್ಕೇ, ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಹಗ್ಗ ಎಳೆದು ಬೆಲ್ ಹೊಡೆಯುತ್ತಿದ್ದ ಹಾಗೆ, ನಾನು ಮೆಲ್ಲಗೆ ವೈರು ಎಳೆದರೆ ಅವಳು ಗುಂಡಿ ಒತ್ತುವುದು ಅಂತ ಮಾತಾಯಿತು. ಓಲಗದವರಿಗೂ ಹೇಳಿದ್ದೆ, ಹೊಗೆ ಎದ್ದ ತಕ್ಷಣ ಊದಿ ಅಂತ.

ರಾಹುಕಾಲ ಇನ್ನೂ ಇತ್ತು. ಊಟದ ಹಾಲಿಗೆ ನೀರಿನ ಕ್ಯಾನ್ ತಳ್ಳಿಕೊಂಡು ಹೋದ ಗಾಡಿಯ ಚಕ್ರ ವೈರಿಗೆ ಸಿಕ್ಕಿ ಎಳೆಯಿತು. ಆಚೆ ಅವಳು ಒತ್ತಿದಳು. ಎರಡು ಖಾಲಿ ಕುರ್ಚಿಗಳ ಸುತ್ತ ಭರ್ತಿ ಹೊಗೆ ಎದ್ದಿತು, ಓಲಗದವರು ಗಟ್ಟಿಮೇಳ ಹಿಡಿದೇಬಿಟ್ಟರು. ಜನ ಫೋನೆತ್ತಿಕೊಂಡು ಎದ್ದು ನಿಂತರು, ನೋಡಿದರೆ ಸ್ಟೇಜಿನ ಮೇಲೆ ಯಾರೂ ಇಲ್ಲ. ಅಜ್ಜಿ ಎದ್ದು ಬಂದರು. "ರಾವುಗಾಲದಲ್ಲಿ ಯಾವೋನಯ್ಯ ಇದನ್ನ ಹಚ್ಚಿದ್ದು?" ಎಂದು ನನ್ನನ್ನೇ ಹಿಡಿದುಕೊಂಡರು.

ಗಲಾಟೆ ಕೇಳಿ ಹೆಂಡತಿ ಒಳಗೆ ಬಂದಳು, ಅದೇ ಹೊಗೆಯೊಳಗೆ. "ಖಾಲಿ ಸ್ಟೇಜಿಗೆ ಧೂಪ ಹಾಕಿದ್ವಿ ಅನ್ಕೊಳ್ಳಿ ಅಜ್ಜಿ. ರಾಹು ಇದ್ರೆ ಎದ್ದು ಹೋಗ್ಲಿ" ಅಂದಳು.

ಅಜ್ಜಿ ಅವಳನ್ನೂ ಸ್ಟೇಜನ್ನೂ ನೋಡಿ, "ಹಂಗಾದ್ರೆ ಇನ್ನೊಂದ್ ದಪ ಹಾಕವ್ವ, ಚೆನ್ನಾಗಿ ಹೋಗ್ಲಿ" ಅಂದರು.

ಅಲ್ಲಿಗೆ ಮುಗಿಯಿತು. ಅವಳು ವೈರನ್ನೆಲ್ಲ ಒಳಗೆಳೆದುಕೊಂಡು ಮಷೀನಿನ ಮಗ್ಗುಲಲ್ಲೇ ಕೂತಳು. ಆರು ಹೊಡೆಯುವ ತನಕ ರಾಹುವಿಗೆ, ಆಮೇಲೆ ಗಂಡು ಹೆಣ್ಣಿಗೆ ಹೊಗೆ ಹಾಕಿದಳು. ಯಾವ ಎದೆಗಾಗಿ ನಾನು ಆ ವೈರು ಜೋಡಿಸಿದ್ದೆನೋ ಅದು ಪಕ್ಕದಲ್ಲೇ ಗೊರಗೊರ ಅನ್ನುತ್ತಿತ್ತು. ನನಗೆ ಅಜ್ಜಿಯ ಮೇಲೂ, ವೈರಿನ ಮೇಲೂ, ನನ್ನ ಮೇಲೂ ಸಿಟ್ಟು ಬಂತು.

ಸಾಮಾನು ಹೇರಿಕೊಂಡು ಆಟೋದಲ್ಲಿ ಬರುವಾಗ ಅವಳು ಇನ್‌ಹೇಲರ್ ಎಳೆದುಕೊಳ್ಳುತ್ತಿದ್ದಳು. ರೇಗಿದೆ. "ಅಜ್ಜಿ ಹತ್ರ ಮಾತಾಡಿದ್ಮೇಲೆ ಆಚೆ ಹೋಗಿ ಕೂರೋಕೆ ಏನಾಗಿತ್ತು ನಿಂಗೆ?"

"ಆಚೆ ಕೂತ್ರೆ ಉಸಿರಾಟ ಸಲೀಸು, ನಿಜ" ಅಂದಳು. "ಆದ್ರೆ ನೀವು ಕೆಮ್ಮೋದು ಕೇಳ್ಸಲ್ಲ."

"ನಾನೆಲ್ಲಿ ಕೆಮ್ತೀನಿ?"

"ನಾನು ಮಿಕ್ಸಿ ಹಾಕಿದಾಗ."

ಮಿಕ್ಸಿಯ ಸದ್ದಿನಲ್ಲಿ ಕೆಮ್ಮಿ ಮುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಮರುದಿನ ಬೇಸರ ಬಿಟ್ಟು ಅಂಗಡಿಗೆ ಹೋದೆ. ವೈರಿನ ಒಂದಿಡೀ ಸುತ್ತು ತಂದು ಮತ್ತೆ ಬೆಸೆದೆ. ಮುಂದಿನ ಮದುವೆ ಜೆ.ಪಿ. ನಗರದಲ್ಲಿ. ಗೋಡೆಯಂಚಿಗೆ ಟೇಪ್ ಅಂಟಿಸುತ್ತಾ ರಿಮೋಟಿನ ವೈರನ್ನೂ ಲೈಟಿನ ಬೋರ್ಡನ್ನೂ ಹಾಲಿನ ಕೊನೆಯ ಸಾಲಿಗೆ ತಂದೆ. ಅಲ್ಲಿಂದ ಸ್ಟೇಜು ನೇರ ಕಾಣುತ್ತದೆ, ಎಳೆದು ಹೇಳುವ ಗೋಜಿಲ್ಲ. ಇಬ್ಬರೂ ಅಕ್ಕಪಕ್ಕ ಕೂತೆವು. ಬಾದಾಮಿ ಹಾಲು ಕೊಡಲು ಬಂದ ಹೆಂಗಸು "ಗಂಡಿನ ಕಡೆಯವ್ರಾ, ಹೆಣ್ಣಿನ ಕಡೆಯವ್ರಾ?" ಎಂದು ಕೇಳಿದರು. "ಹೊಗೆ ಕಡೆಯವ್ರು" ಎಂದು ನನ್ನವಳು ಲೋಟ ತೆಗೆದುಕೊಂಡಳು.

ಗಂಡು ಹೆಣ್ಣು ಬಂದರು, ಅವಳು ಗುಂಡಿ ಒತ್ತಿದಳು. ನಾವು ಬಿಟ್ಟ ಹೊಗೆಯನ್ನು ನಾವೇ ಮುಂದಿನಿಂದ ನೋಡಿದ್ದು ಅದೇ ಮೊದಲು. ಮೊಣಕಾಲಿನವರೆಗೆ ಎದ್ದಿತು, ಫ್ಯಾನಿನ ಗಾಳಿಗೆ ಅತ್ತಿತ್ತ ಆಡಿತು, ಹೋಯಿತು. ಅವಳು ಲೋಟ ಹಿಡಿದುಕೊಂಡೇ ನೋಡುತ್ತಿದ್ದಳು.

"ಇಷ್ಟೇನಾ ರೀ?" ಅಂದಳು. "ಇಷ್ಟಕ್ಕೇನಾ ನಾವು ಕೆಮ್ಮಿದ್ದು?"

"ಇಷ್ಟೇ ಕಣೇ" ಅಂದೆ. ಹಾಲು ಆರುತ್ತಿತ್ತು, ಕುಡಿ ಅಂದೆ.