ಕುತ್ತಿಗೆಯ ನರ ಕಂಡವರು ಮಂಜಣ್ಣ

ಮಂಜಣ್ಣ, ಶೇಖರಪ್ಪನ ಜೀವ ಉಳಿಸಿದ್ದು ನಾನಲ್ಲ, ನೀವು. ಈ ಒಂದು ಸಾಲು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು — ಡಾಕ್ಟರಾಗಲು ಕೂಡ ಅಷ್ಟು ಕಾಲ ಹಿಡಿದಿರಲಿಲ್ಲ!

ಎಪ್ಪತ್ತರ ದಶಕದ ಕೊನೆ. ತೀರ್ಥಹಳ್ಳಿಯಲ್ಲಿ ನನ್ನದು ಆರು ಮಂಚದ ನರ್ಸಿಂಗ್ ಹೋಮ್. ಬಸ್ ಡ್ರೈವರ್ ಶೇಖರಪ್ಪ ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರದಿಂದ ಮಲಗಿದ್ದ. ಅವನ ಗಡ್ಡ ತೆಗೆಯಲು ನೀವು ಬರುತ್ತಿದ್ದಿರಿ. ಅಂದು ಬೆಳಿಗ್ಗೆ ಅವನಿಗೆ ಏದುಸಿರು. ಬರೀ ಗಾಬರಿ ಎಂದುಕೊಂಡು ನಾನು ನಿದ್ದೆ ಮಾತ್ರೆ ಬರೆಯುತ್ತಿದ್ದೆ.

"ಡಾಕ್ಟ್ರೇ, ಕೂರ್ಸಿದ್ರೂ ಕುತ್ತಿಗೇಲಿ ಈ ನರ ಇಳೀತಿಲ್ಲ. ಮೊನ್ನೆ ಹಿಂಗಿರ್ಲಿಲ್ಲ. ಕತ್ತಿ ಇಡಕ್ಕೇ ಹೆದ್ರಿಕೆ ಆಗ್ತದೆ," ಎಂದಿರಿ.

"ನಿನ್ನ ಕೆಲ್ಸ ನೀ ನೋಡ್ಕೊ," ಎಂದೆ — ನನಗಿಂತ ಹತ್ತು ವರ್ಷ ದೊಡ್ಡವರಿಗೆ.

ನೀವು ಹೊರಟ ಮೇಲೆ ಕಳ್ಳನಂತೆ ಬಗ್ಗಿ ನೋಡಿದೆ. ಕೂತವನಲ್ಲಿ ಕಾಣಬಾರದ ನರ ದವಡೆಯವರೆಗೂ ಉಬ್ಬಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ, ಹೃದಯದ ಬಲಭಾಗ ರಕ್ತ ತಳ್ಳಲಾರದೆ ಸೋಲುತ್ತಿದೆ — ಓದಿದ್ದೆಲ್ಲ ಆಗ ನೆನಪಾಯಿತು! ಜೀಪು ಹತ್ತಿಸಿ, ಆಗುಂಬೆ ಘಾಟಿ ಇಳಿದು, ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಅವನು ಉಳಿದ.

"ಬಲಗಡೆ ಸೋಲ್ತಾ ಇದೆ ಅಂತ ಇಷ್ಟು ಬೇಗ ಯಾರಿಗೆ ಹೊಳೀತು?" ಎಂದು ಅಲ್ಲಿನ ಹಿರಿಯ ವೈದ್ಯರು ಕೇಳಿದರು.

"ನಂಗೇ ಸಾರ್."

ಅಷ್ಟೇ ಹೇಳಿದ್ದು. ಊರು ಹಾರ ಹಾಕಿತು. ನೀವೂ ಚಪ್ಪಾಳೆ ತಟ್ಟಿದಿರಿ. ಉಸಿರು ಕಟ್ಟಿದವರನ್ನು ಕೂರಿಸಿ ಮೊದಲು ಕುತ್ತಿಗೆ ನೋಡಿ ಎಂದು ಕಿರಿಯ ವೈದ್ಯರಿಗೆಲ್ಲ ಕಲಿಸಿದೆ — ನನ್ನದೇ ಜಾಣತನವೆಂಬಂತೆ.

ನಿನ್ನೆ ಶೇಖರಪ್ಪ ಮಗಳ ಮದುವೆಗೆ ಕರೆಯಲು ಬಂದಿದ್ದ. ನಡಿಗೆಯಲ್ಲಿ ಕುಂಟಿಲ್ಲ, ಹೊಟ್ಟೆ ಮಾತ್ರ ಬಂದಿದೆ. ಅವನನ್ನು ಹಾಗೆ ಕಂಡ ಖುಷಿಗೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವನು ಮೈಯೆಲ್ಲ ಕುಲುಕಿಸಿ ನಕ್ಕ.

"ನಂಗೊತ್ತಿಲ್ವಾ ಡಾಕ್ಟ್ರೇ? ನನ್ ಕುತ್ತಿಗೆ ಹತ್ರಾನೇ ನಿಂತು ಹೇಳಿದ್ದಲ್ವಾ! ಯಾರಿಗೂ ಹೇಳ್ಬೇಡ ಅಂದಿದ್ದೂ ಮಂಜಣ್ಣನೇ. ಡಾಕ್ಟ್ರ ಮೇಲೆ ನಂಬ್ಕೆ ಹೋದ್ರೆ ಜನ ಕಷ್ಟಕ್ಕೆ ಯಾರ್ ಹತ್ರ ಹೋಗ್ತಾರೆ ಅಂದಿದ್ದ."

ಮಂಜಣ್ಣ — ನನ್ನ ಸುಳ್ಳನ್ನು ಇಷ್ಟು ವರ್ಷ ಕಾಪಾಡಿದವರು ನೀವೇ... ನಾಚಿಕೆಯಾಗುತ್ತದೆ. ಇಂಥವರ ಊರಿನಲ್ಲಿ ಬಾಳಿದೆನಲ್ಲ ಎಂದು ಸಂತೋಷವೂ ಉಕ್ಕುತ್ತದೆ. ಮದುವೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಎದ್ದು ನಿಂತು ಹೇಳುತ್ತೇನೆ: ಕಂಡವರು ಮಂಜಣ್ಣ, ಬೈದವನು ನಾನು. ಆಗ ದಯವಿಟ್ಟು ನನ್ನನ್ನು ಕಾಪಾಡಲು ಬರಬೇಡಿ.